ಹಿತ್ತಲ ಗಿಡಕ್ಕೂ ಪರೀಕ್ಷೆ



ಪರೀಕ್ಷೆ ಎಂದೊಡನೆ ನಿಮಗೆ ಅರ್ಧವಾರ್ಷಿಕ, ವಾರ್ಷಿಕ ಪರೀಕ್ಷೆಗಳ ನೆನಪಾಗುವುದು ಸಹಜ. ಆದರೆ ಪರೀಕ್ಷೆಗೆ ಕುಳಿತುಕೊಳ್ಳುವವರು ವಿದ್ಯಾರ್ಥಿಗಳು ಮಾತ್ರವೇ ಅಲ್ಲ. ಮದ್ದು ಎಂದು ಹೆಸರು ಪಡೆದ ಪ್ರತಿಯೊಂದು ಸೊಪ್ಪು, ಬೇರು, ಕೊಂಬು ಒಂದಲ್ಲ ಒಂದು ದಿನ ಪರೀಕ್ಷೆಗೆ ನಿಲ್ಲಬೇಕಾಗುತ್ತದೆ. ಅಂತಹ ಒಂದು ಪರೀಕ್ಷೆಯ ಕಥೆಯನ್ನು ಈ ಪಾಠದಲ್ಲಿ ತಿಳಿದುಕೊಳ್ಳೋಣ.

ನಮ್ಮ ಕಲ್ಲೂರಿನ ಸುತ್ತಮುತ್ತ ಯಾವ ಹಿತ್ತಲಿಗೆ ಹೋದರೂ ಔಷಧದ ಗಿಡಗಳಿಗೆ ಬರವಿಲ್ಲ. ಮರಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿ, ಪಾತಿಯಲ್ಲಿ ಶುಂಠಿ ಮತ್ತು ಅರಿಸಿನ, ಬೇಲಿಯ ಬದಿಯಲ್ಲಿ ಲಕ್ಕಿ ಗಿಡ ಇವೆಲ್ಲ ನಿಮಗೆ ಪರಿಚಿತವಾದವುಗಳೇ. ಲಕ್ಕಿಯನ್ನು ನೆರೆಯ ಮಲಯಾಳಿ ಮನೆಗಳಲ್ಲಿ ಕರಿನೊಚ್ಚಿ ಎನ್ನುತ್ತಾರೆ. ಅರಿಸಿನವನ್ನು ಮಂಜಳ್ ಎನ್ನುತ್ತಾರೆ. ಕಾಲು ಉಳುಕಿದರೆ ಅರಿಸಿನದ ಪಟ್ಟು, ಕೀಲು ಹಿಡಿದುಕೊಂಡರೆ ಲಕ್ಕಿ ಸೊಪ್ಪಿನ ಶಾಖ, ಗಂಟಲು ಕೆಟ್ಟರೆ ಅರಿಸಿನ ಹಾಕಿದ ಬಿಸಿ ಹಾಲು. ಹೆಸರು ಬೇರೆಯಾದರೂ ಮದ್ದು ಒಂದೇ.

"ಹಿತ್ತಲ ಗಿಡ ಮದ್ದಲ್ಲ" ಎಂಬ ಗಾದೆಯನ್ನು ನೀವೆಲ್ಲ ಬಲ್ಲಿರಿ. ಹತ್ತಿರವಿರುವುದಕ್ಕೆ ಬೆಲೆ ಕಡಿಮೆ ಎಂಬುದು ಅದರ ಅರ್ಥ. ಇದಕ್ಕೆ ತದ್ವಿರುದ್ಧವಾಗಿ, ಹಿತ್ತಲ ಗಿಡವೆಲ್ಲವೂ ಮದ್ದೇ, ಅದರಿಂದ ಕೆಡುಕೇ ಇಲ್ಲ ಎನ್ನುವವರೂ ಇದ್ದಾರೆ. ಇವೆರಡೂ ಯೋಚಿಸದೆ ಆಡುವ ಮಾತುಗಳು. "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಎಂಬುದು ನಮ್ಮಲ್ಲೇ ಇರುವ ಇನ್ನೊಂದು ಗಾದೆ. ವಿಜ್ಞಾನದ ದಾರಿ ಈ ಗಾದೆಯ ದಾರಿ. ಊತವನ್ನು ಇಳಿಸುತ್ತದೆ ಎಂದು ಹೆಸರಾದ ಅರಿಸಿನವನ್ನು ಹೇಗೆ ಪ್ರಮಾಣಿಸಿ ನೋಡಿದರು, ಅದು ಯಾವ ವಿಷಯದಲ್ಲಿ ತೇರ್ಗಡೆಯಾಯಿತು, ಯಾವುದರಲ್ಲಿ ಹಿಂದೆ ಬಿದ್ದಿತು ಎಂಬುದನ್ನು ಈಗ ನೋಡೋಣ.

ಉರಿಯೂತ ಎಂದರೇನು?

ಕಾಲಿಗೆ ಮುಳ್ಳು ಚುಚ್ಚಿದರೆ ಆ ಜಾಗ ಕೆಂಪಾಗುತ್ತದೆ, ಬಿಸಿಯಾಗುತ್ತದೆ, ಊದಿಕೊಳ್ಳುತ್ತದೆ, ನೋಯುತ್ತದೆ. ಇದೇ ಉರಿಯೂತ. ಈ ನಾಲ್ಕು ಲಕ್ಷಣಗಳನ್ನು ಸುಮಾರು 2,000 ವರ್ಷಗಳ ಹಿಂದೆಯೇ ರೋಮಿನ ಸೆಲ್ಸಸ್ ಎಂಬ ಲೇಖಕನು ಬರೆದಿಟ್ಟಿದ್ದಾನೆ. ನೋಯುವ ಅಂಗ ತನ್ನ ಕೆಲಸವನ್ನು ಸರಿಯಾಗಿ ಮಾಡಲಾರದು ಎಂಬುದನ್ನು ಐದನೆಯ ಲಕ್ಷಣವಾಗಿ ಮುಂದೆ ಸೇರಿಸಲಾಯಿತು.

ಉರಿಯೂತವು ಒಂದು ರೋಗವಲ್ಲ. ಶರೀರದ ಕಾವಲು ವ್ಯವಸ್ಥೆ. ಪೆಟ್ಟಾದ ಜಾಗಕ್ಕೆ ರಕ್ತ ಹೆಚ್ಚಾಗಿ ಹರಿಯುತ್ತದೆ. ಆದುದರಿಂದ ಕೆಂಪು ಮತ್ತು ಬಿಸಿ. ಸಣ್ಣ ರಕ್ತನಾಳಗಳಿಂದ ನೀರಿನಂಶ ಹೊರಗೆ ಜಿನುಗುತ್ತದೆ, ಆದುದರಿಂದ ಊತ. ರೋಗಾಣುಗಳೊಡನೆ ಹೋರಾಡಲು ಬಿಳಿ ರಕ್ತಕಣಗಳು ಅಲ್ಲಿ ಸೇರುತ್ತವೆ. ಹಿಸ್ಟಮಿನ್, ಪ್ರೊಸ್ಟಗ್ಲಾಂಡಿನ್ ಮುಂತಾದ ರಾಸಾಯನಿಕಗಳು ಈ ಕೆಲಸವನ್ನು ನಡೆಸುತ್ತವೆ. ಕೆಲಸ ಮುಗಿದ ಮೇಲೆ ಕಾವಲುಗಾರ ತಾನಾಗಿಯೇ ಹಿಂದಿರುಗಬೇಕು. ಕೆಲವು ಕಾಯಿಲೆಗಳಲ್ಲಿ ಅವನು ಹಿಂದಿರುಗುವುದಿಲ್ಲ, ಮನೆಯವರನ್ನೇ ಬಡಿಯತೊಡಗುತ್ತಾನೆ. ಕೀಲುಗಳನ್ನು ಕೆಡಿಸುವ ಸಂಧಿವಾತ ಇಂತಹ ಒಂದು ಕಾಯಿಲೆ.

ಪರೀಕ್ಷೆ ಏಕೆ ಬೇಕು?

"ಅರಿಸಿನ ಹಚ್ಚಿದೆವು, ಊತ ಇಳಿಯಿತು. ಇನ್ನೇಕೆ ಪರೀಕ್ಷೆ?" ಎಂದು ನೀವು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಆದರೆ ಉಳುಕಿದ ಕಾಲಿನ ಊತ ಏನೂ ಹಚ್ಚದಿದ್ದರೂ ಕೆಲವು ದಿನಗಳಲ್ಲಿ ಬಹುಮಟ್ಟಿಗೆ ಇಳಿಯುತ್ತದೆ. ಅರಿಸಿನ ಹಚ್ಚಿದ್ದರೆ ಕೀರ್ತಿ ಅರಿಸಿನಕ್ಕೆ, ಸುಣ್ಣ ಹಚ್ಚಿದ್ದರೆ ಕೀರ್ತಿ ಸುಣ್ಣಕ್ಕೆ. ನಿಜವಾಗಿ ಕೆಲಸ ಮಾಡಿದ್ದು ಶರೀರವೋ ಮದ್ದೋ ಎಂದು ತಿಳಿಯುವುದು ಹೇಗೆ?

ಇದು ಬರಿಯ ತರ್ಕದ ಮಾತಲ್ಲ. ಮಕ್ಕಳ ಪ್ರಾಣದ ಮಾತು. ಸುಮಾರು 5ರಿಂದ 15 ವರ್ಷದೊಳಗಿನ ಮಕ್ಕಳಲ್ಲಿ ಕೆಲವರಿಗೆ ಗಂಟಲು ನೋವು ಬಂದು ಎರಡು ಮೂರು ವಾರಗಳ ಬಳಿಕ ಜ್ವರದೊಡನೆ ಮೊಣಕಾಲು, ಹರಡು, ಮೊಣಕೈ ಹೀಗೆ ಒಂದರ ನಂತರ ಒಂದು ಕೀಲು ಊದಿಕೊಳ್ಳುವುದುಂಟು. ಇದು ರುಮ್ಯಾಟಿಕ್ ಜ್ವರದ ಲಕ್ಷಣ. ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣು ಗಂಟಲಿಗೆ ತಗಲಿದ್ದರ ಫಲವಾಗಿ ಇದು ಬರುತ್ತದೆ. ಇದರಲ್ಲಿ ಕೀಲಿನ ಊತ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿದುಹೋಗುತ್ತದೆ. ಯಾವ ಪಟ್ಟು ಹಾಕಿದ್ದರೂ ಗುಣ ಕಂಡಂತೆಯೇ ತೋರುತ್ತದೆ. ಆದರೆ ಹೃದಯದ ಕವಾಟಗಳಿಗೆ ಆದ ಹಾನಿ ಒಳಗೇ ಉಳಿದುಬಿಡಬಹುದು. ಕಾಲಕ್ಕೆ ಸರಿಯಾಗಿ ವೈದ್ಯರಲ್ಲಿಗೆ ಹೋದರೆ ಪೆನಿಸಿಲಿನ್ ಚಿಕಿತ್ಸೆ ದೊರೆಯುತ್ತದೆ. ಮತ್ತೆ ಮತ್ತೆ ಬಾರದಂತೆ ತಡೆಯಲು ಸಾಧ್ಯವಾಗುತ್ತದೆ. ಊತ ಇಳಿದದ್ದನ್ನು ಮಾತ್ರ ನೋಡಿ "ವಾಸಿಯಾಯಿತು" ಎಂದುಕೊಂಡರೆ ಎಂತಹ ಅನರ್ಥವಾಗಬಹುದೆಂದು ಹೆತ್ತವರು ಯೋಚಿಸಬೇಕು.

ಆದುದರಿಂದ ಮದ್ದು ಪಡೆದವರನ್ನು ಮಾತ್ರ ನೋಡಿದರೆ ಸಾಲದು. ಪಡೆಯದವರನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಈ ಎರಡನೆಯ ಗುಂಪಿಗೆ ಹೋಲಿಕೆಯ ಗುಂಪು ಎಂದು ಹೆಸರು. ಔಷಧ ಪರೀಕ್ಷೆಯ ಜೀವಾಳವೇ ಇದು.

ಮೊದಲ ಹೆಜ್ಜೆ: ಗಿಡದ ಗುರುತು

ಪರೀಕ್ಷಾ ಕೊಠಡಿಯಲ್ಲಿ ಮೊದಲು ನಿಮ್ಮ ನೋಂದಣಿ ಸಂಖ್ಯೆಯನ್ನು ನೋಡುವಂತೆ, ಇಲ್ಲಿಯೂ ಮೊದಲು ಗಿಡದ ಗುರುತನ್ನು ನೋಡುತ್ತಾರೆ. ಒಂದೇ ಹೆಸರಿನಲ್ಲಿ ಎರಡು ಗಿಡಗಳಿರಬಹುದು. ಕೇರಳದ ಅಂಗಡಿಗಳಲ್ಲಿ ಕಸ್ತೂರಿ ಮಂಜಳ್ ಎಂದು ಮಾರುವ ಹಳದಿ ಪುಡಿ ಅನೇಕ ವೇಳೆ ಕಸ್ತೂರಿ ಅರಿಸಿನವಾಗಿರುವುದೇ ಇಲ್ಲ. ಅದು ಅದೇ ಕುಲದ ಬೇರೊಂದು ಗಿಡದ ಪುಡಿ. ನಿಜವಾದ ಕಸ್ತೂರಿ ಅರಿಸಿನದ ಕೊಂಬಿನ ಒಳಭಾಗ ಕಡು ಹಳದಿಯಾಗಿರದೆ ಕೆನೆಯಂತೆ ಮಾಸಲಾಗಿರುತ್ತದೆ. ಗಿಡವೇ ತಪ್ಪಿದರೆ ಮುಂದಿನ ಲೆಕ್ಕವೆಲ್ಲ ತಪ್ಪಿದಂತೆ. ಅದಕ್ಕಾಗಿಯೇ ಸಂಶೋಧಕರು ತಾವು ಬಳಸಿದ ಗಿಡದ ಎಲೆ, ಹೂ, ಕಾಂಡಗಳನ್ನು ಒತ್ತಿ ಒಣಗಿಸಿ, ಎಲ್ಲಿ, ಯಾವ ದಿನ ಕಿತ್ತದ್ದೆಂದು ಬರೆದು, ಸಸ್ಯಶಾಸ್ತ್ರಜ್ಞರಿಂದ ಹೆಸರನ್ನು ಖಚಿತಪಡಿಸಿಕೊಂಡು ಕಾಪಾಡಿಡುತ್ತಾರೆ.

ನಾವು ಅಡಿಗೆಗೆ ಬಳಸುವ ಅರಿಸಿನದ ಶಾಸ್ತ್ರೀಯ ಹೆಸರು ಕರ್ಕ್ಯುಮ ಲಾಂಗ. ಅದರ ಹಳದಿ ವಸ್ತುವನ್ನು 1815ರಲ್ಲಿ ವೊಗೆಲ್ ಮತ್ತು ಪೆಲೆಟಿಯೇ ಎಂಬ ಇಬ್ಬರು ವಿಜ್ಞಾನಿಗಳು ಬೇರ್ಪಡಿಸಿದರು. ಅದಕ್ಕೆ ಕರ್ಕ್ಯುಮಿನ್ ಎಂದು ಹೆಸರಾಯಿತು. ಅದರ ಅಣುರಚನೆ ತಿಳಿಯಲು 1910ರವರೆಗೆ ಕಾಯಬೇಕಾಯಿತು. ಅರಿಸಿನದ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ತೂಕದಲ್ಲಿ ಶೇಕಡಾ 3ರ ಆಸುಪಾಸು ಮಾತ್ರ. ಈ ಅಂಕಿಯನ್ನು ನೆನಪಿನಲ್ಲಿಡಿರಿ, ಮುಂದೆ ಬೇಕಾಗುತ್ತದೆ. ಕರ್ಕ್ಯುಮಿನ್ ನೀರಿನಲ್ಲಿ ಕರಗುವುದಿಲ್ಲವೆಂದೇ ಹೇಳಬಹುದು; ಎಣ್ಣೆಯಲ್ಲಿ, ಸ್ಪಿರಿಟ್‌ನಲ್ಲಿ ಕರಗುತ್ತದೆ.

ಎರಡನೆಯ ಹೆಜ್ಜೆ: ಇಲಿಯ ಪಾದ

ಹೊಸ ವಸ್ತುವನ್ನು ನೇರವಾಗಿ ರೋಗಿಗಳಿಗೆ ಕೊಡುವಂತಿಲ್ಲ. ಮೊದಲು ಪ್ರಾಣಿಗಳಲ್ಲಿ ನೋಡುತ್ತಾರೆ. ಉರಿಯೂತದ ವಿಷಯದಲ್ಲಿ ಬಹು ಪ್ರಸಿದ್ಧವಾದ ಪರೀಕ್ಷೆಯನ್ನು 1962ರಲ್ಲಿ ವಿಂಟರ್, ರಿಸ್ಲಿ ಮತ್ತು ನಸ್ ಎಂಬ ವಿಜ್ಞಾನಿಗಳು ವಿವರಿಸಿದರು. ಅದು ನಡೆಯುವ ಕ್ರಮ ಹೀಗಿದೆ:

1. ಒಂದೇ ಜಾತಿಯ, ಹೆಚ್ಚು ಕಡಿಮೆ ಒಂದೇ ತೂಕದ ಬಿಳಿ ಇಲಿಗಳನ್ನು ಗುಂಪುಗಳಾಗಿ ವಿಂಗಡಿಸುತ್ತಾರೆ. ಸಾಮಾನ್ಯವಾಗಿ ಗುಂಪಿಗೆ ಆರು.

2. ಒಂದು ಗುಂಪಿಗೆ ಮದ್ದಿಲ್ಲದ ದ್ರವವನ್ನು ಮಾತ್ರ ಕೊಡುತ್ತಾರೆ. ಇನ್ನೊಂದಕ್ಕೆ ಊತ ಇಳಿಸುವುದೆಂದು ಈಗಾಗಲೇ ಸಿದ್ಧವಾದ ಔಷಧವನ್ನು ಕೊಡುತ್ತಾರೆ. ಉಳಿದ ಗುಂಪುಗಳಿಗೆ ಪರೀಕ್ಷಿಸಬೇಕಾದ ಗಿಡದ ಸಾರವನ್ನು ಬೇರೆ ಬೇರೆ ಪ್ರಮಾಣದಲ್ಲಿ ಕೊಡುತ್ತಾರೆ.

3. ಬಳಿಕ ಪ್ರತಿಯೊಂದು ಇಲಿಯ ಹಿಂಗಾಲಿನ ಪಾದದಡಿಗೆ ಕ್ಯಾರಗೀನನ್ ದ್ರಾವಣವನ್ನು ಚುಚ್ಚುತ್ತಾರೆ. ಶೇಕಡಾ 1ರ ದ್ರಾವಣ, 0.1 ಮಿ.ಲೀ.ನಷ್ಟು. ಕ್ಯಾರಗೀನನ್ ಎಂಬುದು ಕೆಂಪು ಕಡಲಪಾಚಿಯಿಂದ ತೆಗೆದ ಲೋಳೆಯಂತಹ ವಸ್ತು. ಐಸ್‌ಕ್ರೀಮನ್ನು ಗಟ್ಟಿಗೊಳಿಸಲು ಬಳಸುವ ಇದೇ ವಸ್ತು ಚರ್ಮದಡಿ ಹೋದರೆ ಊತವನ್ನುಂಟುಮಾಡುತ್ತದೆ.

4. ಪಾದವನ್ನು ಪಾದರಸ ಅಥವಾ ನೀರು ತುಂಬಿದ ಗಾಜಿನ ಕೊಳವೆಯಲ್ಲಿ ಅದ್ದಿ, ದ್ರವ ಎಷ್ಟು ಮೇಲೇರಿತು ಎಂದು ಅಳೆಯುತ್ತಾರೆ. ಚುಚ್ಚುವ ಮೊದಲೊಮ್ಮೆ, ಆಮೇಲೆ ಮೂರು ಗಂಟೆಗಳ ಬಳಿಕ ಮತ್ತೊಮ್ಮೆ. ಎರಡರ ವ್ಯತ್ಯಾಸವೇ ಊತ. ಆರ್ಕಿಮಿಡೀಸನ ಪಾಠದಲ್ಲಿ ಕಲ್ಲನ್ನು ನೀರಿಗಿಳಿಸಿ ಗಾತ್ರವನ್ನು ಅಳೆದದ್ದು ನಿಮಗೆ ನೆನಪಿರಬಹುದು. ಇದೂ ಅದೇ.

ಲೆಕ್ಕಕ್ಕಾಗಿ ಹೀಗೆ ಇಟ್ಟುಕೊಳ್ಳೋಣ. ಮದ್ದಿಲ್ಲದ ಗುಂಪಿನಲ್ಲಿ ಸರಾಸರಿ ಊತ 0.80 ಮಿ.ಲೀ., ಸಾರ ಪಡೆದ ಗುಂಪಿನಲ್ಲಿ 0.48 ಮಿ.ಲೀ. ಎರಡರ ಅಂತರ 0.32. ಇದನ್ನು 0.80ರಿಂದ ಭಾಗಿಸಿ 100ರಿಂದ ಗುಣಿಸಿದರೆ 40. ಅಂದರೆ ಸಾರವು ಊತವನ್ನು ಶೇಕಡಾ 40ರಷ್ಟು ತಡೆಯಿತು. ಈ ಅಂತರ ಕೇವಲ ಆಕಸ್ಮಿಕವೋ ಅಲ್ಲವೋ ಎಂದು ಸಂಖ್ಯಾಶಾಸ್ತ್ರದ ನೆರವಿನಿಂದ ಮತ್ತೆ ತೂಗಿ ನೋಡಬೇಕು. ಅಳೆಯುವವನಿಗೆ ಯಾವ ಇಲಿ ಯಾವ ಗುಂಪಿನದೆಂದು ತಿಳಿಯದಿದ್ದರೆ ಇನ್ನೂ ಒಳ್ಳೆಯದು. ನಮಗೆ ಬೇಕಾದುದನ್ನೇ ಕಾಣುವುದು ಕಣ್ಣಿನ ಸ್ವಭಾವ.

ದಿನಗಟ್ಟಲೆ ಉಳಿಯುವ ಉರಿಯೂತಕ್ಕೆ ಬೇರೆ ಪರೀಕ್ಷೆಯುಂಟು. ಶುದ್ಧಗೊಳಿಸಿದ ಹತ್ತಿಯ ಸಣ್ಣ ಉಂಡೆಯನ್ನು ಇಲಿಯ ಚರ್ಮದಡಿಯಿಟ್ಟು, ಕೆಲವು ದಿನಗಳ ಬಳಿಕ ಹೊರತೆಗೆದು, ಅದರ ಸುತ್ತ ಬೆಳೆದ ಅಂಗಾಂಶದ ತೂಕವನ್ನು ನೋಡುತ್ತಾರೆ.

ಇಂತಹ ಪ್ರಯೋಗಗಳು ಪ್ರಾಣಿಗಳಿಗೆ ನೋವುಂಟುಮಾಡುತ್ತವೆ ಎಂಬುದನ್ನು ಮರೆಮಾಚಬಾರದು. ಅದರಿಂದಲೇ 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ ಕೆಳಗೆ ಇವಕ್ಕೆ ನಿಯಮಗಳಿವೆ. ಸಮಿತಿಯ ಅನುಮತಿಯಿಲ್ಲದೆ ಯಾರೂ ಮಾಡುವಂತಿಲ್ಲ. ಶಾಲೆಯಲ್ಲಾಗಲಿ ಮನೆಯಲ್ಲಾಗಲಿ ಇವನ್ನು ಮಾಡಲೇಬಾರದು.

1973ರಲ್ಲಿ ಲಖನೌ ನಗರದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯ ಆರ್. ಸಿ. ಶ್ರೀಮಲ್ ಮತ್ತು ಬಿ. ಎನ್. ಧವನ್ ಅವರು ಕರ್ಕ್ಯುಮಿನ್ನನ್ನು ಹೀಗೆ ಪರೀಕ್ಷಿಸಿದ ಫಲವನ್ನು ಪ್ರಕಟಿಸಿದರು. ಆ ಕಾಲದಲ್ಲಿ ಕೀಲುನೋವಿಗೆ ಕೊಡುತ್ತಿದ್ದ ಫಿನೈಲ್‌ಬ್ಯುಟಜೋನ್ ಎಂಬ ಔಷಧದೊಡನೆ ಅದನ್ನು ಹೋಲಿಸಿದರು. ಪಾದದ ಊತದ ಪರೀಕ್ಷೆಯಲ್ಲಿ ಕರ್ಕ್ಯುಮಿನ್ ಆ ಔಷಧಕ್ಕೆ ಸಮನಾಗಿ ನಿಂತಿತು. ಬಹುಕಾಲದ ಉರಿಯೂತದ ಪರೀಕ್ಷೆಗಳಲ್ಲಿ ಅದರ ಶಕ್ತಿ ಅರ್ಧದಷ್ಟೇ ಆಗಿತ್ತು. ಆದರೆ ವಿಷಗುಣ ಆ ಔಷಧಕ್ಕಿಂತ ಕಡಿಮೆ. ಅಜ್ಜಿಯರ ಮಾತಿನಲ್ಲಿ ಹುರುಳಿದೆ ಎಂಬುದಕ್ಕೆ ಇದೊಂದು ಆಧಾರವಾಯಿತು. ಆದರೆ ಇದು ಇಲಿಯ ಮಾತು. ಮನುಷ್ಯನ ಮಾತು ಇನ್ನೂ ಉಳಿದಿತ್ತು.

ಮೂರನೆಯ ಹೆಜ್ಜೆ: ಮನುಷ್ಯರಲ್ಲಿ

1980ರಲ್ಲಿ ದೇವಧರ್, ಸೇಠಿ ಮತ್ತು ಶ್ರೀಮಲ್ ಅವರು ಸಂಧಿವಾತವಿದ್ದ 18 ರೋಗಿಗಳಲ್ಲಿ ನಡೆಸಿದ ಚಿಕ್ಕ ಪರೀಕ್ಷೆಯೊಂದನ್ನು ಪ್ರಕಟಿಸಿದರು. ದಿನಕ್ಕೆ 1,200 ಮಿ.ಗ್ರಾಂ. ಕರ್ಕ್ಯುಮಿನ್ ಕೊಟ್ಟಾಗ ಬೆಳಗಿನ ಕೀಲು ಬಿಗಿತ, ನಡೆಯುವ ವೇಗ, ಕೀಲಿನ ಊತ ಇವುಗಳಲ್ಲಿ ಸುಧಾರಣೆ ಕಂಡಿತು. ಆದರೆ 18 ಮಂದಿಯನ್ನು, ಅದೂ ಎರಡೇ ವಾರ ನೋಡಿ ಲೋಕಕ್ಕೆಲ್ಲ ತೀರ್ಪು ಕೊಡಲಾಗುವುದಿಲ್ಲ.

2014ರಲ್ಲಿ ಥಾಯ್ಲೆಂಡ್ ದೇಶದಿಂದ ದೊಡ್ಡ ಪರೀಕ್ಷೆಯೊಂದರ ವರದಿ ಬಂದಿತು. ಮೊಣಕಾಲಿನ ಸವೆತದಿಂದ ನರಳುತ್ತಿದ್ದ 367 ಮಂದಿಯಲ್ಲಿ ಕೆಲವರಿಗೆ ದಿನಕ್ಕೆ 1,500 ಮಿ.ಗ್ರಾಂ. ಅರಿಸಿನದ ಸಾರ, ಉಳಿದವರಿಗೆ 1,200 ಮಿ.ಗ್ರಾಂ. ಐಬುಪ್ರೊಫೆನ್ ಮಾತ್ರೆ, ಹೀಗೆ ನಾಲ್ಕು ವಾರ. ನೋವು ಇಳಿಸುವುದರಲ್ಲಿ ಅರಿಸಿನದ ಸಾರ ಐಬುಪ್ರೊಫೆನ್‌ಗಿಂತ ಹಿಂದೆ ಬೀಳಲಿಲ್ಲ. ಹೊಟ್ಟೆಯ ತೊಂದರೆಯೂ ಕಡಿಮೆ ಇತ್ತು.

ಇಲ್ಲಿ ಚುರುಕಾದ ವಿದ್ಯಾರ್ಥಿ ಒಂದು ಪ್ರಶ್ನೆ ಕೇಳಬೇಕು: ಈ ಪರೀಕ್ಷೆಯಲ್ಲಿ ಏನೂ ಮದ್ದಿಲ್ಲದ ಗುಂಪು ಎಲ್ಲಿ? ಇರಲಿಲ್ಲ. ಮದ್ದೇ ಇಲ್ಲದ ಹುಸಿ ಗುಳಿಗೆಯನ್ನು ನುಂಗಿದರೂ ಅನೇಕರಿಗೆ ಮೊಣಕಾಲು ನೋವು ಕಡಿಮೆಯಾದಂತೆ ಅನಿಸುವುದು ವೈದ್ಯರಿಗೆಲ್ಲ ತಿಳಿದ ಸಂಗತಿ. ಹುಸಿ ಗುಳಿಗೆಯೊಡನೆ, ಯಾರಿಗೆ ಯಾವುದು ಸಿಕ್ಕಿತೆಂದು ರೋಗಿಗೂ ವೈದ್ಯನಿಗೂ ತಿಳಿಯದಂತೆ ನಡೆಸಿದ ಪರೀಕ್ಷೆಯೇ ಹೆಚ್ಚು ನಂಬಲರ್ಹವಾದುದು.

ಕಾಳುಮೆಣಸು ಮಾಡಿದ ಸಹಾಯ

ಕರ್ಕ್ಯುಮಿನ್ ನುಂಗಿದರೆ ಅದು ರಕ್ತಕ್ಕೆ ಸೇರುತ್ತದೆಯೇ? ಇದನ್ನು ನೋಡಿದವರು ಬೆಂಗಳೂರಿನವರು. 1998ರಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಶೋಭಾ ಮತ್ತು ಸಂಗಡಿಗರು ತಮ್ಮ ಸಂಶೋಧನೆಯನ್ನು ಪ್ರಕಟಿಸಿದರು. ಆರೋಗ್ಯವಂತರು 2 ಗ್ರಾಂ ಕರ್ಕ್ಯುಮಿನ್ ಸೇವಿಸಿದರೂ ಅವರ ರಕ್ತದಲ್ಲಿ ಅದು ಕಾಣಸಿಗಲಿಲ್ಲ, ಇಲ್ಲವೇ ಅತ್ಯಲ್ಪವಾಗಿ ಸಿಕ್ಕಿತು. ಕರುಳು ಮತ್ತು ಯಕೃತ್ತು ಅದನ್ನು ಬೇಗನೆ ಮಾರ್ಪಡಿಸಿ ಹೊರಹಾಕುತ್ತವೆ. ಅದರೊಡನೆ ಕಾಳುಮೆಣಸಿನ ಖಾರದ ವಸ್ತುವಾದ ಪಿಪೆರಿನ್ 20 ಮಿ.ಗ್ರಾಂ. ಸೇರಿಸಿದಾಗ ರಕ್ತಕ್ಕೆ ಸೇರುವ ಪ್ರಮಾಣ ಶೇಕಡಾ 2,000ದಷ್ಟು ಹೆಚ್ಚಿತು. ಇಲಿಗಳಲ್ಲಿ ಈ ಹೆಚ್ಚಳ ಶೇಕಡಾ 154 ಮಾತ್ರ. ಇಲಿ ಬೇರೆ, ಮನುಷ್ಯ ಬೇರೆ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕೇ?

ಅರಿಸಿನದ ಹಾಲಿಗೆ ಮೆಣಸಿನ ಪುಡಿ ಉದುರಿಸುವ ನಮ್ಮ ಮನೆಗಳ ರೂಢಿ ಇಲ್ಲಿ ನೆನಪಾಗುತ್ತದೆ. ಆದರೆ ಹಿಗ್ಗುವ ಮೊದಲು ಒಂದು ಲೆಕ್ಕ ಮಾಡಿ. ಒಂದು ಲೋಟ ಹಾಲಿಗೆ ಒಂದೂವರೆ ಗ್ರಾಂ ಅರಿಸಿನ ಹಾಕಿದಿರೆನ್ನಿ. ಶೇಕಡಾ 3ರಂತೆ ಅದರಲ್ಲಿರುವ ಕರ್ಕ್ಯುಮಿನ್ 45 ಮಿ.ಗ್ರಾಂ. 1980ರ ಪರೀಕ್ಷೆಯ 1,200 ಮಿ.ಗ್ರಾಂ. ಆಗಬೇಕಾದರೆ ದಿನಕ್ಕೆ 40 ಗ್ರಾಂ ಅರಿಸಿನ ಬೇಕು. ಅಂದರೆ 26 ಲೋಟಕ್ಕಿಂತಲೂ ಹೆಚ್ಚು ಹಾಲು! ಪ್ರಯೋಗಾಲಯದ ಕರ್ಕ್ಯುಮಿನ್ ಬೇರೆ, ಅಡಿಗೆಮನೆಯ ಅರಿಸಿನ ಬೇರೆ. ಒಂದರ ಅಂಕವನ್ನು ಇನ್ನೊಂದರ ಖಾತೆಗೆ ಬರೆಯಬಾರದು.

ಬಣ್ಣದ ಮೋಸ

ಇನ್ನೊಂದು ಸ್ವಾರಸ್ಯದ ಸಂಗತಿಯಿದೆ. ಅರಿಸಿನದ ನೀರಿಗೆ ಸುಣ್ಣ ಸೇರಿಸಿದರೆ ಕೆಂಪಗಾಗುವುದನ್ನು ನೀವು ಆರತಿಯ ತಟ್ಟೆಯಲ್ಲಿ ಕಂಡಿದ್ದೀರಿ. ಕರ್ಕ್ಯುಮಿನ್ ಬಣ್ಣವುಳ್ಳ, ಬೆಳಕಿನಲ್ಲಿ ಹೊಳೆಯುವ, ಬೇರೆ ವಸ್ತುಗಳೊಡನೆ ಸುಲಭವಾಗಿ ಸೇರುವ, ಬಹುಬೇಗ ಒಡೆಯುವ ಪದಾರ್ಥ. ಇಂದಿನ ಪ್ರಯೋಗಾಲಯಗಳಲ್ಲಿ ಗಾಜಿನ ನಳಿಕೆಯೊಳಗೆ ನಡೆಸುವ ಅನೇಕ ಪರೀಕ್ಷೆಗಳ ಫಲವನ್ನು ಬಣ್ಣದಿಂದ ಅಥವಾ ಹೊಳಪಿನಿಂದಲೇ ಓದುತ್ತಾರೆ. ಮದ್ದೇ ಬಣ್ಣದ್ದಾದರೆ ಗತಿಯೇನು? ಗುಣವಿಲ್ಲದಿದ್ದರೂ ಗುಣವಿದ್ದಂತೆ ತೋರಬಹುದು.

2017ರಲ್ಲಿ ಕ್ಯಾಥರಿನ್ ನೆಲ್ಸನ್ ಮತ್ತು ಸಂಗಡಿಗರು ಕರ್ಕ್ಯುಮಿನ್ ಕುರಿತ ಸಂಶೋಧನೆಗಳನ್ನೆಲ್ಲ ಪರಿಶೀಲಿಸಿ ಈ ಎಚ್ಚರಿಕೆಯನ್ನೇ ಕೊಟ್ಟರು. ನೂರಕ್ಕಿಂತ ಹೆಚ್ಚು ಪರೀಕ್ಷೆಗಳು ಮನುಷ್ಯರಲ್ಲಿ ನಡೆದಿದ್ದರೂ, ಹುಸಿ ಗುಳಿಗೆಯೊಡನೆ ಬಿಗಿಯಾಗಿ ಹೋಲಿಸಿದ ಪರೀಕ್ಷೆಯಲ್ಲಿ ಕರ್ಕ್ಯುಮಿನ್ ನಿಸ್ಸಂದೇಹವಾಗಿ ಗೆದ್ದದ್ದು ತಮಗೆ ಕಾಣಲಿಲ್ಲವೆಂದು ಬರೆದರು. ಇದನ್ನು ಒಪ್ಪದ ವಿಜ್ಞಾನಿಗಳೂ ಇದ್ದಾರೆ. ವಿಜ್ಞಾನದಲ್ಲಿ ಒಮ್ಮೆ ತೇರ್ಗಡೆಯಾದರೂ ಉತ್ತರ ಪತ್ರಿಕೆಯನ್ನು ಮತ್ತೆ ಮತ್ತೆ ತಿದ್ದುತ್ತಲೇ ಇರುತ್ತಾರೆ.

ಅತಿಯಾದರೆ ಅಮೃತವೂ ವಿಷ

ಅಡಿಗೆಗೆ ಹಾಕುವ ಅರಿಸಿನಕ್ಕೆ ಯಾರೂ ಹೆದರಬೇಕಾಗಿಲ್ಲ. ಆದರೆ ಅದರ ಗಟ್ಟಿ ಸಾರವನ್ನು ಗುಳಿಗೆ ಮಾಡಿ, ಕೆಲವು ವೇಳೆ ಮೆಣಸಿನ ಸತ್ವವನ್ನೂ ಬೆರೆಸಿ ಮಾರುತ್ತಾರೆ. ಅಂತಹ ಅರಿಸಿನದ ಉತ್ಪನ್ನಗಳಿಂದ ಯಕೃತ್ತಿಗೆ ಹಾನಿಯಾದ 10 ಪ್ರಕರಣಗಳನ್ನು ಅಮೆರಿಕದ ವೈದ್ಯರ ತಂಡವೊಂದು 2022ರಲ್ಲಿ ವರದಿ ಮಾಡಿತು. ಅವರಲ್ಲಿ ಒಬ್ಬರು ತೀರಿಕೊಂಡರು. ಪಿಪೆರಿನ್ ಕರ್ಕ್ಯುಮಿನ್ನನ್ನು ಮಾತ್ರವಲ್ಲ, ನಾವು ಸೇವಿಸುವ ಬೇರೆ ಕೆಲವು ಔಷಧಗಳನ್ನೂ ರಕ್ತದಲ್ಲಿ ಹೆಚ್ಚು ಉಳಿಯುವಂತೆ ಮಾಡಬಲ್ಲದು. ಆದುದರಿಂದ ಇಂತಹ ಗುಳಿಗೆಗಳನ್ನು ಸೇವಿಸುವ ಹಿರಿಯರು ಅದನ್ನು ವೈದ್ಯರಿಗೆ ತಿಳಿಸಬೇಕು. "ಗಿಡಮೂಲಿಕೆ ತಾನೇ" ಎಂದು ಮುಚ್ಚಿಡಬಾರದು.

ಕಲಬೆರಕೆಯದು ಇನ್ನೊಂದು ಕೇಡು. ಬಣ್ಣ ಎದ್ದು ಕಾಣಲೆಂದು ಅರಿಸಿನಕ್ಕೆ ಸೀಸದ ಕ್ರೋಮೇಟ್ ಎಂಬ ಹಳದಿ ಬಣ್ಣವನ್ನು ಬೆರೆಸಿದ್ದನ್ನು ಬಾಂಗ್ಲಾದೇಶದಲ್ಲಿ ಸಂಶೋಧಕರು ಪತ್ತೆಹಚ್ಚಿ 2019ರಲ್ಲಿ ಪ್ರಕಟಿಸಿದರು. ಸೀಸವು ಮಕ್ಕಳ ಮೆದುಳಿಗೆ ಹಾನಿಕರ. ಸ್ವಂತ ಪಾತಿಯ ಕೊಂಬನ್ನು ಬೇಯಿಸಿ ಒಣಗಿಸಿ ಪುಡಿಮಾಡಿಕೊಳ್ಳುವ ಮನೆಗಳು ಈ ವಿಷಯದಲ್ಲಿ ಭಾಗ್ಯವಂತ ಮನೆಗಳು.

ಬರೆದಿಟ್ಟ ಮಾತಿನ ಬೆಲೆ

1995ರಲ್ಲಿ ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ, ಗಾಯ ಮಾಯಿಸಲು ಅರಿಸಿನವನ್ನು ಬಳಸುವ ವಿಧಾನದ ಮೇಲೆ ಪೇಟೆಂಟ್ ದೊರೆಯಿತು. ಪೇಟೆಂಟ್ ಎಂದರೆ ಹೊಸದಾಗಿ ಕಂಡುಹಿಡಿದವರಿಗೆ ಸಿಗುವ ಏಕಸ್ವಾಮ್ಯ. ನಮ್ಮ ಮನೆ ಮನೆಯ ಮದ್ದು ಹೊಸದಾದದ್ದು ಹೇಗೆ? ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಇದನ್ನು ಪ್ರಶ್ನಿಸಿತು. "ನಮ್ಮ ಅಜ್ಜಿ ಹೇಳುತ್ತಿದ್ದಳು" ಎಂದರೆ ಪೇಟೆಂಟ್ ಕಚೇರಿ ಒಪ್ಪುವುದಿಲ್ಲ. ಬರಹದ ಸಾಕ್ಷಿ ಬೇಕು. ಸಂಸ್ಕೃತ, ಹಿಂದಿ, ಉರ್ದು ಗ್ರಂಥಗಳು, 1953ರ ವೈದ್ಯಕೀಯ ಪತ್ರಿಕೆಯ ಲೇಖನ ಸೇರಿದಂತೆ 32 ದಾಖಲೆಗಳನ್ನು ಮಂಡಿಸಲಾಯಿತು. 1997ರಲ್ಲಿ ಪೇಟೆಂಟ್ ರದ್ದಾಯಿತು. ಇಂತಹ ಜ್ಞಾನವನ್ನು ಒಂದೆಡೆ ದಾಖಲಿಸಿಡುವ ಸಾಂಪ್ರದಾಯಿಕ ಜ್ಞಾನ ಭಂಡಾರದ ಕೆಲಸ 2001ರಲ್ಲಿ ಆರಂಭವಾಯಿತು.

ನಮ್ಮ ನೂಲ್ಪುಳ ಪಂಚಾಯತಿನಲ್ಲಿ ಪಣಿಯ, ಕುರುಮ, ಕಾಟುನಾಯ್ಕ ಮುಂತಾದ ಜನ ಇದ್ದಾರೆ. ಗಿಡಗಳ ಕುರಿತು ಅವರ ಹಿರಿಯರು ಬಲ್ಲದ್ದು ಪುಸ್ತಕಗಳಲ್ಲಿಲ್ಲ. ಅದನ್ನು ಕೇಳಿ ತಿಳಿಯುವವರು ಅವರಿಗೆ ಸಲ್ಲಬೇಕಾದುದನ್ನೂ ಸಲ್ಲಿಸಬೇಕು. ಕೇರಳದ ಅಗಸ್ತ್ಯಮಲೆಯ ಕಾಣಿ ಜನರು ತೋರಿಸಿದ ಆರೋಗ್ಯಪಚ್ಚ ಎಂಬ ಗಿಡದಿಂದ ತಿರುವನಂತಪುರದ ಬಳಿಯ ಸಸ್ಯೋದ್ಯಾನದ ವಿಜ್ಞಾನಿಗಳು ಜೀವನಿ ಎಂಬ ಔಷಧವನ್ನು ಸಿದ್ಧಪಡಿಸಿದರು. ಅದರ ಪರವಾನಗಿ ಹಣದ ಅರ್ಧ ಪಾಲು ಕಾಣಿ ಜನರಿಗೆ ಎಂದು ನಿರ್ಧಾರವಾಯಿತು. 2002ರ ಜೈವಿಕ ವೈವಿಧ್ಯ ಕಾಯಿದೆಯೂ ಲಾಭದಲ್ಲಿ ಪಾಲು ಕೊಡಬೇಕೆನ್ನುತ್ತದೆ.

ಅರಿಸಿನದ ಅಂಕಪಟ್ಟಿ

ಈಗ ಅರಿಸಿನದ ಅಂಕಪಟ್ಟಿಯನ್ನು ಬರೆಯೋಣ. ಇಲಿಯ ಪಾದದ ಊತ: ತೇರ್ಗಡೆ. ಮನುಷ್ಯರ ಮೊಣಕಾಲು ನೋವು: ಭರವಸೆ ಹುಟ್ಟಿಸುವಂತಿದೆ, ಇನ್ನೂ ಬಿಗಿಯಾದ ಪರೀಕ್ಷೆ ಬೇಕು. ರಕ್ತಕ್ಕೆ ಸೇರುವುದು: ತೀರ ಕಡಿಮೆ, ಕಾಳುಮೆಣಸಿನ ನೆರವು ಬೇಕು. ಅಡಿಗೆಯ ಪ್ರಮಾಣದಲ್ಲಿ ನಿರಪಾಯ: ತೇರ್ಗಡೆ. ಗಟ್ಟಿ ಸಾರದ ಗುಳಿಗೆ: ಎಚ್ಚರ. ರುಮ್ಯಾಟಿಕ್ ಜ್ವರ, ಹಾವಿನ ಕಡಿತ, ಕೀವಾದ ಗಾಯ: ಇವು ಅರಿಸಿನ ಬರೆಯುವ ಪರೀಕ್ಷೆಗಳೇ ಅಲ್ಲ, ಕೂಡಲೇ ಆಸ್ಪತ್ರೆಗೆ ಹೋಗಬೇಕು. ಜ್ವರದೊಡನೆ ಕೀಲು ಊದಿದರೆ, ಊತ ಏರುತ್ತಲೇ ಹೋದರೆ, ಪೆಟ್ಟಾದ ಕಾಲನ್ನು ಊರಲು ಆಗದಿದ್ದರೆ ಹೆತ್ತವರು ಪಟ್ಟು ಹಾಕುತ್ತಾ ದಿನ ಕಳೆಯಬಾರದು.

ಒಂದು ವಿಷಯದಲ್ಲಿ ಕಡಿಮೆ ಅಂಕ ಬಂದಿತೆಂದು ಯಾರೂ ದಡ್ಡರಾಗುವುದಿಲ್ಲ. ಒಂದರಲ್ಲಿ ಹೆಚ್ಚು ಬಂದಿತೆಂದು ಎಲ್ಲದರಲ್ಲಿಯೂ ಜಾಣರಾಗುವುದೂ ಇಲ್ಲ. ಹಿತ್ತಲ ಗಿಡದ ವಿಷಯವೂ ಹೀಗೆಯೇ. ಇದು ಮದ್ದೇ ಎಂದು ಕೇಳುವುದಕ್ಕಿಂತ, ಯಾವ ಕಾಯಿಲೆಗೆ, ಎಷ್ಟು ಪ್ರಮಾಣದಲ್ಲಿ, ಯಾವುದಕ್ಕೆ ಹೋಲಿಸಿದರೆ ಎಂದು ಕೇಳುವುದನ್ನು ಕಲಿತರೆ ಈ ಪಾಠ ಸಾರ್ಥಕ.

ಮಾಡಿ ನೋಡಿ

1. ಅರಿಸಿನದ ನೀರಿನಲ್ಲಿ ಬಿಳಿ ಕಾಗದವನ್ನು ಅದ್ದಿ ಒಣಗಿಸಿ. ಅದರ ಮೇಲೆ ಸೋಪಿನ ನೀರು ಹಾಕಿ, ಆಮೇಲೆ ನಿಂಬೆರಸ ಹಾಕಿ. ಬಣ್ಣಗಳನ್ನು ಬರೆದುಕೊಳ್ಳಿ.

2. ಒಂದು ಲೋಟ ನೀರಿಗೆ ಅರ್ಧ ಚಮಚ ಅರಿಸಿನದ ಪುಡಿ ಹಾಕಿ ಅಲುಗಿಸದೆ ಬಿಡಿ. ಶುದ್ಧ ಪುಡಿ ತಳಕ್ಕಿಳಿದು ನೀರು ತಿಳಿ ಹಳದಿಯಾಗುತ್ತದೆ. ನೀರು ಕಡು ಹಳದಿಯಾಗಿಯೇ ಉಳಿದರೆ ಬಣ್ಣ ಬೆರೆತಿರುವ ಸಂಶಯ ಪಡಬೇಕು. ಸೀಸವಿದೆಯೇ ಎಂಬುದನ್ನು ಪ್ರಯೋಗಾಲಯದಲ್ಲಿಯೇ ನೋಡಬೇಕು.

3. ಅಳತೆಯ ಗಾಜಿನ ಜಾಡಿಯಲ್ಲಿ ನೀರು ತುಂಬಿ ನಿಮ್ಮ ಹೆಬ್ಬೆರಳನ್ನು ಬುಡದವರೆಗೆ ಅದ್ದಿ. ನೀರು ಎಷ್ಟು ಮಿ.ಲೀ. ಏರಿತು? ಐದು ಬಾರಿ ಅಳೆದು ಸರಾಸರಿ ತೆಗೆಯಿರಿ. ಐದು ಸಲವೂ ಒಂದೇ ಉತ್ತರ ಏಕೆ ಬರಲಿಲ್ಲ?

4. ಮನೆಯ ಹಿರಿಯರನ್ನು ಕೇಳಿ, ಊತ ಮತ್ತು ನೋವಿಗೆ ಅವರು ಬಳಸುವ ಐದು ಗಿಡಗಳ ಹೆಸರನ್ನು ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಬರೆಯಿರಿ. ಯಾವ ಭಾಗ, ಹೇಗೆ, ಎಷ್ಟು ದಿನ ಎಂಬುದನ್ನೂ, ಹೇಳಿದವರ ಹೆಸರನ್ನೂ ಬರೆಯಲು ಮರೆಯಬೇಡಿ. ಗುರುತು ಹತ್ತದ ಗಿಡವಿದ್ದರೆ ಅದರ ಎಲೆ, ಹೂಗಳನ್ನು ಹಳೆಯ ಪತ್ರಿಕೆಯ ನಡುವೆ ಒತ್ತಿ ಒಣಗಿಸಿ ಅಧ್ಯಾಪಕರಿಗೆ ತೋರಿಸಿರಿ.